ತನಗೆ ತಾನೇ ಅನ್ಯನಾದಾಗ

(ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಪರೀಕ್ಷೆಯ ಫಲಿತಾಂಶವನ್ನು ಕುರಿತು ಎರಡು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಿದ್ದರು. ಅಂಕಗಳ ಪಟ್ಟಿಯು ಗೋಡೆಯ ಮೇಲೆಯೇ ಇದೆ, ತಾವೆಲ್ಲರೂ ಓದಬಲ್ಲಿರಿ. ಆದುದರಿಂದ ಪಟ್ಟಿಯಲ್ಲಿ ಕಾಣದ ಒಂದು ಸಂಗತಿಯನ್ನು ಹೇಳಲು ಅಪ್ಪಣೆ ಬೇಡುತ್ತೇನೆ.

ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಹುಡುಗನೊಬ್ಬನು, ಸಂಜೆಯ ಗಂಟೆ ಬಾರಿಸಿದ ಮೇಲೆ, ನನ್ನ ಕೊಠಡಿಯ ಬಾಗಿಲಲ್ಲಿ ನಿಂತನು. "ಮಾಷ್ಟ್ರೇ, ನಾನು ಮಾತನಾಡುವುದು ನನಗೇ ದೂರದಿಂದ ಕೇಳಿಸುತ್ತದೆ. ಬಯಲಾಟವನ್ನು ಕಟ್ಟಕಡೆಯಲ್ಲಿ ಕುಳಿತು ನೋಡಿದ ಹಾಗೆ. ವೇಷ ನನ್ನದೇ, ಕುಣಿಯುವವನು ಮಾತ್ರ ನಾನಲ್ಲ" ಎಂದನು. ಆರು ತಿಂಗಳಿನಿಂದ ಹೀಗಿತ್ತಂತೆ. ತಾಯಿಯ ಮುಖವೂ ಗಾಜಿನ ಆಚೆ ಇದ್ದಂತೆ ಕಾಣುತ್ತಿತ್ತಂತೆ. ಮನೆಯವರು ನೂಲು ಕಟ್ಟಿಸಿದ್ದರು. ನೆರೆಯ ಹಿರಿಯರೊಬ್ಬರು ಇದು ಸಾಕ್ಷೀಭಾವ, ಹುಡುಗನು ಪುಣ್ಯವಂತನೆಂದಿದ್ದರು. ಆ ಹಿರಿಯರಲ್ಲಿ ನನಗೆ ಗೌರವವಿದೆ. ಆದರೆ ಸಾಧಕನಿಗೆ ಬರುವುದು ಶಾಂತಿ, ಇವನಿಗೆ ಬಂದುದು ಭೀತಿ. "ನನಗೆ ಹುಚ್ಚು ಹಿಡಿಯುತ್ತಿದೆಯೇ?" ಎಂಬುದೊಂದೇ ಅವನ ಪ್ರಶ್ನೆ. "ಓದು ಹೆಚ್ಚಾಗಿದೆ, ಎರಡು ದಿನ ಚೆನ್ನಾಗಿ ನಿದ್ದೆ ಮಾಡು" ಎಂದು ನಾನು ಕಳುಹಿಸಿಬಿಟ್ಟೆನು. ಬಿ.ಟಿ. ತರಗತಿಯಲ್ಲಿ ಮನಃಶಾಸ್ತ್ರವನ್ನು ಓದಿದವನ ಉತ್ತರವದು! ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಈ ಅವಸ್ಥೆಗೆ ವೈದ್ಯಶಾಸ್ತ್ರದಲ್ಲಿ ಡಿಪರ್ಸನಲೈಸೇಷನ್ ಎಂದು ಹೆಸರು; ತನ್ನತನದಿಂದ ತಾನೇ ದೂರವಾಗುವುದು ಎನ್ನೋಣ. ಜಿನೀವಾದ ಪ್ರಾಧ್ಯಾಪಕ ಆಮಿಯೆಲ್ ಎಂಬವರು ತಮ್ಮ ದಿನಚರಿಯಲ್ಲಿ ಬಳಸಿದ ಮಾತನ್ನು ಫ್ರಾನ್ಸಿನ ದ್ಯೂಗಾ ಎಂಬ ವಿದ್ವಾಂಸರು 1898ರಲ್ಲಿ ಶಾಸ್ತ್ರಕ್ಕೆ ತಂದರು. ಬಳಲಿಕೆ, ನಿದ್ರೆಗೇಡು, ವಿಪರೀತ ಭಯ ಇವುಗಳಿಂದ ಕ್ಷಣಕಾಲ ಹೀಗಾಗುವುದು ಅನೇಕರಿಗೆ ಉಂಟು. ತಿಂಗಳುಗಟ್ಟಲೆ ಉಳಿದರೆ ಅದು ಕಾಯಿಲೆ. ನೂರರಲ್ಲಿ ಒಬ್ಬರಿಗಾದರೂ ಇದು ಇರಬಹುದೆಂದು ವೈದ್ಯರು ಅಂದಾಜು ಮಾಡಿದ್ದಾರೆ. ಆರಂಭವಾಗುವ ಸರಾಸರಿ ವಯಸ್ಸು 16. ಎಂದರೆ ಸರಿಯಾಗಿ ನಮ್ಮ ಮೇಲಿನ ತರಗತಿಗಳ ವಯಸ್ಸು! ದೀರ್ಘಕಾಲದ ಆತಂಕ, ಮನೆಯಲ್ಲಿ ನಿತ್ಯವೂ ಕೇಳುವ ಹೀನಾಯದ ಮಾತು, ಗಾಂಜಾ ಸೇವನೆ ಇವುಗಳಿಗೂ ಇದಕ್ಕೂ ನಂಟಿದೆ. ಹುಚ್ಚು ಇದಲ್ಲ. ಈ ಅವಸ್ಥೆಯಲ್ಲಿರುವವನು "ಹೀಗೆ ಅನಿಸುತ್ತಿದೆ" ಎನ್ನುತ್ತಾನೆಯೇ ಹೊರತು "ಹೀಗೆಯೇ ಇದೆ" ಎನ್ನುವುದಿಲ್ಲ. ನಿಜದ ಅರಿವು ಅವನಲ್ಲಿ ಕೆಟ್ಟಿರುವುದಿಲ್ಲ.

ಹುಡುಗನು ಮತ್ತೆ ಬಂದನು, ಅದು ನನ್ನ ಭಾಗ್ಯ. ಈ ಸಲ ವೈದ್ಯರಲ್ಲಿಗೆ ಕರೆದೊಯ್ದೆನು. ವೈದ್ಯರು ಒಳ್ಳೆಯವರು, ಆದರೆ ಮಾತು ಮಲೆಯಾಳ. ಹುಡುಗನಿಗೂ ಮಲೆಯಾಳ ಬರುತ್ತದೆ. ಪೇಟೆಯಲ್ಲಿ ಸಾಮಾನು ತರುವಷ್ಟು ಧಾರಾಳವಾಗಿ ಬರುತ್ತದೆ. ಹೊಟ್ಟೆನೋವನ್ನು ಯಾವ ಭಾಷೆಯಲ್ಲಾದರೂ ಹೇಳಬಹುದು. "ನಾನು ನಾನಾಗಿಲ್ಲ" ಎಂಬುದನ್ನು ಹೇಳಹೊರಟಾಗ ಅವನ ನಾಲಗೆ ಕಟ್ಟಿತು. ಹೊರಗೆ ಬೆಂಚಿನ ಮೇಲೆ ಕುಳಿತು ಕನ್ನಡದಲ್ಲಿ ಎರಡು ಪುಟ ಬರೆದನು. ಅದನ್ನು ಓದಿ ಓದಿ ನಾನು ಅರ್ಥ ಹೇಳಿದೆನು. ಗಡಿಯಲ್ಲಿರುವ ನಾವು ಇದನ್ನು ನೆನಪಿನಲ್ಲಿಡಬೇಕು. 2022ರಲ್ಲಿ ಸರಕಾರವು ಆರಂಭಿಸಿದ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಸೇವೆಯಲ್ಲಿ, 14416ಕ್ಕೆ ಕರೆಮಾಡಿ, ಕನ್ನಡವನ್ನೂ ಆರಿಸಿಕೊಳ್ಳಬಹುದು.

ವೈದ್ಯರು ಮೊದಲು ಮೂರ್ಛೆರೋಗ ಮೊದಲಾದುವು ಇಲ್ಲವೆಂದು ಖಚಿತಪಡಿಸಿಕೊಂಡರು. ಇದಕ್ಕೇ ಎಂದು ಮೀಸಲಾದ ಔಷಧವಿಲ್ಲ. ಜೊತೆಗಿರುವ ಆತಂಕಕ್ಕೋ ಖಿನ್ನತೆಗೋ ಔಷಧ ಕೊಡುವುದುಂಟು. ಮಾತಿನ ಚಿಕಿತ್ಸೆಯಲ್ಲಿ ಹುಡುಗನು ಕಲಿತ ಮುಖ್ಯ ಪಾಠವಿದು: "ಇನ್ನೂ ಇದೆಯೇ, ಹೋಯಿತೇ" ಎಂದು ಗಳಿಗೆಗೊಮ್ಮೆ ತನ್ನನ್ನೇ ಪರೀಕ್ಷಿಸಿಕೊಳ್ಳುತ್ತಿದ್ದರೆ ಅದು ಹೋಗುವುದಿಲ್ಲ, ಗಾಯದ ಹಕ್ಕಳೆಯನ್ನು ಕಿತ್ತು ಕಿತ್ತು ನೋಡಿದಂತೆ. ಯಾವಾಗ ಹೆಚ್ಚು, ಯಾವಾಗ ಕಡಮೆ ಎಂದು ದಿನಕ್ಕೊಮ್ಮೆ ಮಾತ್ರ ಬರೆದಿಡತೊಡಗಿದನು. ಅಡಕೆ ತೋಟಕ್ಕೆ ನೀರು ಬಿಡುವಾಗ, ವಾಲಿಬಾಲ್ ಆಡುವಾಗ ಕಡಮೆ. ನಿದ್ದೆಗೆಟ್ಟ ಮರುದಿನ ಹೆಚ್ಚು. ತೀವ್ರವಾದಾಗ ಬಾವಿಯ ತಣ್ಣೀರನ್ನು ಮುಖಕ್ಕೆ ಎರಚಿಕೊಂಡು, ಬರಿಗಾಲಲ್ಲಿ ಅಂಗಳದಲ್ಲಿ ನಿಂತು, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದನು. ತಂಗಿ ನಗುತ್ತಿದ್ದಳಂತೆ. ನಗಲಿ ಬಿಡಿ.

ತಾಯಂದಿರೇ, ಮಗು ಹೀಗೆ ಹೇಳಿದರೆ ಗದರಬೇಡಿ, "ಎಲ್ಲ ನಿನ್ನ ಭ್ರಮೆ" ಎನ್ನಬೇಡಿ. ಹುಡುಗನು ಪೂರ್ತಿ ಗುಣವಾದನೆಂದು ನಾನು ಹೇಳಲಾರೆ. ಈಗ ದೂರದ ಊರಿನಲ್ಲಿ ಉದ್ಯೋಗದಲ್ಲಿದ್ದಾನೆ. ಕೆಲವು ದಿನ ಬರುತ್ತದೆ, ಇದ್ದು ಹೋಗುತ್ತದೆ, ಮೊದಲಿನ ಹೆದರಿಕೆಯಿಲ್ಲ ಎಂದು ಬರೆದಿದ್ದಾನೆ. ಅದೇ ಕಾಗದದ ಕೊನೆಗೆ ಇನ್ನೊಂದು ಸಾಲು: "ತಂಗಿಯ ಮದುವೆಯಲ್ಲಿ ಅತ್ತೆನು, ಮಾಷ್ಟ್ರೇ. ಅಳು ನನ್ನದೇ ಆಗಿತ್ತು."

ನನ್ನ ಕೊಠಡಿಯು ಸಂಜೆ ಐದರವರೆಗೆ ತೆರೆದಿರುತ್ತದೆ.