ವಿಶ್ವಾಸದ ದೀಪಕ್ಕೆ ಹಂಚಿಕೆಯ ಎಣ್ಣೆ

(ಶತಮಾನೋತ್ಸವದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಪಾಸ್ಕ ಜಾಗರಣೆಯ ರಾತ್ರಿ ನಾವು ಈ ದೇವಾಲಯದ ದೀಪಗಳನ್ನೆಲ್ಲ ಆರಿಸಿ, ಹೊರಗೆ ಹೊಸ ಬೆಂಕಿಯನ್ನು ಆಶೀರ್ವದಿಸಿ, ಅದರಿಂದ ಪಾಸ್ಕ ಮೇಣದಬತ್ತಿಯನ್ನು ಹೊತ್ತಿಸುತ್ತೇವೆ. ಆ ಒಂದೇ ಜ್ವಾಲೆಯಿಂದ ನಮ್ಮೆಲ್ಲರ ಕೈಯ ಬತ್ತಿಗಳು ಹೊತ್ತಿಕೊಂಡು ಆಲಯವೆಲ್ಲ ಬೆಳಗುತ್ತದೆ. ಬೆಳಕನ್ನು ಎಷ್ಟು ಹಂಚಿದರೂ ಅದು ಕಡಮೆಯಾಗದೆಂದು ಆಗ ಹೇಳಿಕೊಳ್ಳುವುದುಂಟು. ಜ್ವಾಲೆಯ ಮಟ್ಟಿಗೆ ಆ ಮಾತು ನಿಜವೇ. ಆದರೆ ಉರಿಯುವಷ್ಟು ಹೊತ್ತೂ ಮೇಣ ಕರಗುತ್ತಿರುತ್ತದೆ. ಅದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ತನಗೆ ಏನೂ ಕಡಮೆಯಾಗದಂತೆ ಇತರರಿಗೆ ಬೆಳಕಾಗಬಯಸುವ ವಿಶ್ವಾಸಿಯು ಮೇಣವಿಲ್ಲದೆ ಬತ್ತಿಯನ್ನು ಉರಿಸಬಯಸಿದಂತೆಯೇ ಸರಿ.

ದೀಪವನ್ನು ಕೊಳಗದಡಿ ಇಡಬಾರದೆಂಬ ಪ್ರಭುವಿನ ಬೋಧನೆಯನ್ನು ಸಂತ ಮತ್ತಾಯರು ತಮ್ಮ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಬರೆದಿದ್ದಾರೆ. ಆದಿಕ್ರೈಸ್ತರು ಅದನ್ನು ಹೇಗೆ ಪಾಲಿಸಿದರೆಂಬುದಕ್ಕೆ ಕ್ರಿ.ಶ. 155ರ ಸುಮಾರಿಗೆ ಸಂತ ಜಸ್ಟಿನರು ರೋಮಿನ ಚಕ್ರವರ್ತಿಗೆ ಬರೆದ ಸಮರ್ಥನಾಗ್ರಂಥವೇ ಸಾಕ್ಷಿ. ಭಾನುವಾರದ ವಾಚನ, ಬೋಧನೆ, ಪ್ರಾರ್ಥನೆ, ಪರಮಪ್ರಸಾದಗಳನ್ನು ವರ್ಣಿಸಿದ ಅವರು ಅದೇ ಉಸಿರಿನಲ್ಲಿ ಕಾಣಿಕೆಯನ್ನೂ ಹೇಳುತ್ತಾರೆ: ಉಳ್ಳವರು ಇಚ್ಛಾನುಸಾರ ಕೊಟ್ಟದ್ದು ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಪರಸ್ಥಳದಿಂದ ಬಂದವರಿಗೆ ಸಲ್ಲುತ್ತಿತ್ತು. ಕಾಣಿಕೆಯ ತಟ್ಟೆ ಹತ್ತಿರ ಬಂದಾಗ ಚಿಲ್ಲರೆ ಹುಡುಕುವ ನಾವು ಇದನ್ನು ನೆನೆಯುವುದು ಒಳ್ಳೆಯದು.

ದೂರದ ರೋಮೇಕೆ? ಜರ್ಮನಿಯಲ್ಲಿ ಹುಟ್ಟಿದ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರರು 1878ರ ಕೊನೆಯ ದಿನ ಮಂಗಳೂರಿಗೆ ಬಂದರು. 1880ರಲ್ಲಿ ಬಡರೋಗಿಗಳಿಗೆ ಹೋಮಿಯೋಪತಿ ಔಷಧವನ್ನು ಕೊಡಲಾರಂಭಿಸಿದರು. ಯಾರೂ ಹತ್ತಿರ ಸೇರಿಸದಿದ್ದ ಕುಷ್ಠರೋಗಿಗಳಿಗೆ 1890ರಲ್ಲಿ ಕಂಕನಾಡಿಯಲ್ಲಿ ಆಶ್ರಯ ಕಟ್ಟಿದರು. 1902ರಲ್ಲಿ ಪ್ಲೇಗು ಹಬ್ಬಿದಾಗ ಆ ರೋಗಿಗಳನ್ನೂ ಬರಮಾಡಿಕೊಂಡರು. ಬಂದವರ ಜಾತಿ ಮತಗಳನ್ನು ವಿಚಾರಿಸಲಿಲ್ಲ. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ತೀರಿಕೊಂಡರು. ಅವರ ಹೆಸರಿನ ಆಸ್ಪತ್ರೆ ಇಂದಿಗೂ ಅಲ್ಲಿ ರೋಗಿಗಳಿಗೆ ಬಾಗಿಲು ತೆರೆದಿದೆ. ಆ ಜೀವಮಾನದ ಮೇಣ ಕರಗಿದ್ದು ಹೀಗೆ.

ಇನ್ನು ನಮ್ಮ ವಿಷಯ. ಗೋಪುರಕ್ಕೆ ಕಟ್ಟಿದ ವಿದ್ಯುದ್ದೀಪಗಳು ಸೊಗಸಾಗಿವೆ. ಉತ್ಸವ ಮುಗಿದೊಡನೆ ಇಳಿಯುತ್ತವೆ. ಈ ಧರ್ಮಕೇಂದ್ರದ ಗಡಿಯೊಳಗೆ ಔಷಧಕ್ಕೆ, ಮಕ್ಕಳ ಶುಲ್ಕಕ್ಕೆ ಪರದಾಡುವ ಮನೆಗಳಿವೆ. ಅವುಗಳಲ್ಲಿ ಅನ್ಯಧರ್ಮೀಯರ ಮನೆಗಳೂ ಇವೆ. ಆದುದರಿಂದ ಈ ವರ್ಷ ನಮ್ಮ ಮನೆಗಳಲ್ಲಿ ನಡೆಯುವ ದೀಕ್ಷಾಸ್ನಾನ, ಪ್ರಥಮ ಪರಮಪ್ರಸಾದ, ವಿವಾಹಗಳ ಔತಣದ ವೆಚ್ಚದಲ್ಲಿ ಹತ್ತರಲ್ಲೊಂದು ಪಾಲನ್ನು ಅವರಿಗಾಗಿ ತೆಗೆದಿಡಬೇಕೆಂದು ಕೇಳಿಕೊಳ್ಳುತ್ತೇವೆ. ಸಾಲ ಮಾಡಿ ಮದುವೆ ನಡೆಸುವವರಿಂದ ಪಾಲು ಬೇಡ. ಅವರು ಸಾಲ ಮಾಡದಿದ್ದರೆ ಅದೇ ದೊಡ್ಡ ಕಾಣಿಕೆ.

ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರು ಮುಂದಿನ ಭಾನುವಾರದಿಂದ ಮೊದಲ ಬಲಿಪೂಜೆಯ ತರುವಾಯ ಗುರುನಿವಾಸದ ಜಗಲಿಯಲ್ಲಿ ಇರುತ್ತಾರೆ. ಕೊಟ್ಟವರ ಹೆಸರನ್ನು ಯಾವ ಫಲಕದಲ್ಲಿಯೂ ಬರೆಸುವುದಿಲ್ಲ. ನೆರವು ಬೇಕಾದವರು ಹಗಲಿನಲ್ಲಿ ಬರಲು ಸಂಕೋಚವಾದರೆ ಸಂಜೆ ಜಪಸರದ ನಂತರ ಬರಬಹುದು, ಬಾಗಿಲು ತೆರೆದಿರುತ್ತದೆ.