ನಮ್ಮ ಕಾಲಬಂಡಿಯ ತಪ್ಪುಗಳು

(ಶತಮಾನೋತ್ಸವದ ಎರಡನೆಯ ದಿನ ಸಂಜೆ, ಮಕ್ಕಳ ಕಿರುಚಿತ್ರ ಪ್ರದರ್ಶನಕ್ಕೆ ಮುನ್ನ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಪಠ್ಯ)



ಇನ್ನು ಸ್ವಲ್ಪ ಹೊತ್ತಿನಲ್ಲಿ ನಮ್ಮ ಮಕ್ಕಳು ತಯಾರಿಸಿದ ಇಪ್ಪತ್ತೆರಡು ನಿಮಿಷಗಳ ಚಿತ್ರವನ್ನು ಈ ಪರದೆಯ ಮೇಲೆ ನೀವು ನೋಡಲಿದ್ದೀರಿ. ಅದಕ್ಕೆ ಪೀಠಿಕೆಯಾಗಿ ಎರಡು ಮಾತು ಹೇಳಬೇಕೆಂದು ಸಮಿತಿಯವರು ಸೂಚಿಸಿದ್ದಾರೆ. ಚಿತ್ರವನ್ನು ಹೊಗಳಲು ನಾನು ನಿಂತಿಲ್ಲ. ಅದರಲ್ಲಿರುವ ತಪ್ಪುಗಳ ವಿಚಾರವಾಗಿಯೇ ಮಾತನಾಡುತ್ತೇನೆ. ಮೂವತ್ತು ವರ್ಷ ಕೆಂಪು ಶಾಯಿಯ ಪೆನ್ನು ಹಿಡಿದವಳಿಗೆ ಬೇರೆ ವಿಷಯ ಹೊಳೆಯುವುದೂ ಕಷ್ಟ.

ಕಥೆ ಸರಳವಾದದ್ದು. ನಮ್ಮ ಉಗ್ರಾಣದ ತುಕ್ಕು ಹಿಡಿದ ಕಬ್ಬಿಣದ ಬೀರುವೊಂದು ಶಾಲೆಯ ಗಂಟೆ ಬಾರಿಸಿದೊಡನೆ ಕಾಲಬಂಡಿಯಾಗುತ್ತದೆ. ಅದರೊಳಗೆ ಹೊಕ್ಕ ಮೂವರು ಮಕ್ಕಳು ನೂರು ವರ್ಷ ಹಿಂದಿನ ನಮ್ಮ ಶಾಲೆಗೆ ಹೋಗಿ, ದಾರಿ ತಪ್ಪಿ ವಿಜಯನಗರದ ಕಾಲಕ್ಕೂ ಇಣುಕಿ, ಹೊರಟ ಗಳಿಗೆಗೇ ಮರಳಿ ತರಗತಿಗೆ ಬಂದು ಬೀಳುತ್ತಾರೆ. ವಿಜ್ಞಾನ ಸ್ವಲ್ಪ, ನಗೆ ಬಹಳ.

ಚಿತ್ರೀಕರಣಕ್ಕೆ ಮೊದಲು ನಮ್ಮ ವಿಜ್ಞಾನ ಶಿಕ್ಷಕರು ಮಕ್ಕಳಿಗೆ ಎರಡು ಚಿತ್ರಗಳನ್ನು ತೋರಿಸಿದರು. ಒಂದು, 1985ರಲ್ಲಿ ಬಂದ ಅಮೆರಿಕದ 'ಬ್ಯಾಕ್ ಟು ದ ಫ್ಯೂಚರ್'. ಇನ್ನೊಂದು, 1991ರ ತೆಲುಗು ಚಿತ್ರ 'ಆದಿತ್ಯ 369'. ಎರಡನೆಯದರ ನಿರ್ದೇಶಕ ಸಿಂಗೀತಂ ಶ್ರೀನಿವಾಸರಾವ್ ಅವರನ್ನು ನನ್ನ ತಲೆಮಾರಿನ ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ. 'ಹಾಲು ಜೇನು', 'ಚಲಿಸುವ ಮೋಡಗಳು', 'ಶ್ರಾವಣ ಬಂತು' ಅವರವೇ. ಬೆಂಗಳೂರಿನಲ್ಲಿ ಒಂದು ಮಾತೂ ಇಲ್ಲದೆ 'ಪುಷ್ಪಕ ವಿಮಾನ'ವನ್ನು ಹಾರಿಸಿದವರೂ ಅವರೇ.

ಅಮೆರಿಕದ ಚಿತ್ರದ ನಾಯಕ 1985ರಿಂದ 1955ಕ್ಕೆ ಹೋಗುತ್ತಾನೆ. ಅಲ್ಲಿ ಶಾಲೆಯ ನೃತ್ಯಕೂಟದಲ್ಲಿ ಅವನು ನುಡಿಸುವ ಗಿಟಾರು ಗಿಬ್ಸನ್ ಕಂಪನಿಯ ಇಎಸ್-345 ಎಂಬ ಮಾದರಿ. ಆ ಮಾದರಿ ಮಾರುಕಟ್ಟೆಗೆ ಬಂದದ್ದು 1958ರಲ್ಲಿ! ನಾಯಕನೇ ಅದನ್ನು ಭವಿಷ್ಯದಿಂದ ಹೊತ್ತು ತಂದನೆಂದು ಸಮರ್ಥಿಸೋಣವೆಂದರೆ ಅದಕ್ಕೂ ದಾರಿಯಿಲ್ಲ, ಏಕೆಂದರೆ ಅದು 1955ರ ವಾದ್ಯಗಾರನ ಕೈಯಿಂದಲೇ ಅವನು ಎರವಲು ಪಡೆದದ್ದು. ಇದು ಕಾಲದೋಷ. ಅದೇ ಚಿತ್ರದಲ್ಲಿ ಅವಳಿ ದೇವದಾರು ಮರಗಳ ಹೆಸರಿದ್ದ ಅಂಗಡಿ ಸಂಕೀರ್ಣವೊಂದು ಕೊನೆಯಲ್ಲಿ ಒಂಟಿ ಮರದ ಹೆಸರನ್ನು ಹೊತ್ತು ನಿಂತಿರುತ್ತದೆ. ನಮ್ಮ ಹುಡುಗನೊಬ್ಬ ಕೂಡಲೇ "ತಪ್ಪು!" ಎಂದು ಕೂಗಿದ. ಅದು ತಪ್ಪಲ್ಲ. ನಾಯಕ ಗತಕಾಲದಲ್ಲಿ ವಾಹನ ಹತ್ತಿಸಿ ಒಂದು ಮರವನ್ನು ಉರುಳಿಸಿದ್ದನಲ್ಲ, ಅದರ ಫಲ ಅದು. ನಿರ್ದೇಶಕರು ಜಾಣ ನೋಡುಗನಿಗೆಂದು ಎತ್ತಿಟ್ಟ ಕಾಣಿಕೆ. ತಪ್ಪೆಂದು ಕೂಗುವ ಮೊದಲು ಹಿಂದಿನದನ್ನು ನೆನಪಿಟ್ಟುಕೊಳ್ಳಬೇಕೆಂಬುದು ಆ ಹುಡುಗನಿಗೆ ಅಂದು ತಿಳಿಯಿತು. ಉತ್ತರಪತ್ರಿಕೆ ತಿದ್ದುವ ನಮಗೂ ಅದು ಅನ್ವಯಿಸುತ್ತದೆ, ಇರಲಿ.

'ಆದಿತ್ಯ 369'ರ ಕಾಲಯಂತ್ರ ಕೃಷ್ಣದೇವರಾಯನ ವಿಜಯನಗರಕ್ಕೆ ಹೋಗುತ್ತದೆ, ಅಲ್ಲಿಂದ 2504ನೆಯ ಇಸವಿಗೂ ಹಾರುತ್ತದೆ. ರಾಯನು ತೆಲುಗಿನಲ್ಲಿ ಮಾತನಾಡುವುದನ್ನು ಕಂಡು ನಮ್ಮ ಮಕ್ಕಳು ಮುಖ ಸಿಂಡರಿಸಿದರು. 'ಕನ್ನಡ ರಾಜ್ಯ ರಮಾರಮಣ'ನಿಗೆ ಇದೇನೆಂದು ಅವರ ಪ್ರಶ್ನೆ. ಅದನ್ನು ತಪ್ಪುಗಳ ಪಟ್ಟಿಗೆ ಸೇರಿಸಲು ನಾನು ಬಿಡಲಿಲ್ಲ. 'ಆಮುಕ್ತಮಾಲ್ಯದ'ವನ್ನು ತೆಲುಗಿನಲ್ಲಿ ಬರೆದ ಅರಸನು ತೆಲುಗು ಮಾತನಾಡಿದರೆ ದೋಷವೇನು? ಮನೆಯಲ್ಲೊಂದು, ಪೇಟೆಯಲ್ಲೊಂದು ಭಾಷೆ ಆಡುತ್ತ ಬೆಳೆಯುವ ವಯನಾಡಿನ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವೂ ಆಗಲಿಲ್ಲ. ಆ ಚಿತ್ರದ ಛಾಯಾಗ್ರಹಣವನ್ನು ಆರಂಭಿಸಿದ ಪಿ. ಸಿ. ಶ್ರೀರಾಮ್ ಅವರು ಅಸ್ವಸ್ಥರಾದಾಗ ವಿ. ಎಸ್. ಆರ್. ಸ್ವಾಮಿ ಮತ್ತು ಕಬೀರ್ ಲಾಲ್ ಅವರು ಕೆಲಸವನ್ನು ಮುಂದುವರಿಸಿದರು. ಮೂರು ಜೋಡಿ ಕಣ್ಣುಗಳು ಕಂಡದ್ದನ್ನು ಒಂದೇ ಕಥೆಯಾಗಿ ಹೊಲಿಯುವುದು ಎಂಥ ಕೆಲಸವೆಂದು ನಮಗೆ ಆಮೇಲೆ ಅರ್ಥವಾಯಿತು.

ಚಲನಚಿತ್ರವನ್ನು ಕಥೆಯ ಕ್ರಮದಲ್ಲಿ ಚಿತ್ರೀಕರಿಸುವುದಿಲ್ಲ. ಒಂದು ಸ್ಥಳದ ದೃಶ್ಯಗಳನ್ನೆಲ್ಲ ಒಟ್ಟಿಗೆ ಮುಗಿಸುತ್ತಾರೆ. ಬಾಗಿಲಿನ ಹೊರಗೆ ನಿಂತ ನಾಯಕ ಒಳಗೆ ಕಾಲಿಡುವುದಕ್ಕೆ ಪರದೆಯ ಮೇಲೆ ಒಂದು ಕ್ಷಣ ಸಾಕು, ಚಿತ್ರೀಕರಣದಲ್ಲಿ ಎರಡು ತಿಂಗಳಾಗಿರಬಹುದು. ಅಷ್ಟರಲ್ಲಿ ಕೂದಲು ಬೆಳೆದಿರುತ್ತದೆ, ಅಂಗಿಯ ಗುಂಡಿ ಬದಲಾಗಿರುತ್ತದೆ. ಆದ್ದರಿಂದ ಯಾರ ಕೈಯಲ್ಲಿ ಏನಿತ್ತು, ಲೋಟದಲ್ಲಿ ನೀರು ಎಷ್ಟಿತ್ತು ಎಂದು ಬರೆದಿಟ್ಟುಕೊಳ್ಳಲು ಒಬ್ಬರು ಬೇಕು. ದೊಡ್ಡ ಚಿತ್ರಗಳಲ್ಲಿ ಅದಕ್ಕೆಂದೇ ಜನರಿರುತ್ತಾರೆ. ಅವರು ಸರಿಯಾಗಿ ಕೆಲಸ ಮಾಡಿದರೆ ಅಂಥವರೊಬ್ಬರಿದ್ದರೆಂದೇ ಯಾರಿಗೂ ತಿಳಿಯುವುದಿಲ್ಲ.

ನಮ್ಮ ಚಿತ್ರದಲ್ಲಿ ಆ ಪುಸ್ತಕ ಹಿಡಿದವಳು ಏಳನೆಯ ತರಗತಿಯ ಒಬ್ಬ ಹುಡುಗಿ. ಹೆಸರು ಹೇಳುವುದು ಬೇಡವೆಂದಿದ್ದಾಳೆ. ಉಳಿದದ್ದನ್ನು ಹೇಳಲು ಅವಳ ಮತ್ತು ಅವಳ ಮನೆಯವರ ಒಪ್ಪಿಗೆಯನ್ನು ಕೇಳಿಯೇ ಬಂದಿದ್ದೇನೆ. ಗಟ್ಟಿಯಾಗಿ ಓದಲು ಹೇಳಿದರೆ ತಡವರಿಸುವ ಮಗು. ಆದರೆ ಒಮ್ಮೆ ನೋಡಿದ್ದನ್ನು ಮರೆಯುವವಳಲ್ಲ. ಜೂನ್ ತಿಂಗಳ ಮಳೆಯಲ್ಲಿ ಶನಿವಾರಗಳಂದು ಚಿತ್ರೀಕರಣ ಆರಂಭವಾದಾಗ ತರಗತಿಯ ಮೂರನೆಯ ಬೆಂಚಿನ ಕಿಟಕಿ ಬದಿಯಲ್ಲಿ ನಟಿಯಾಗಿಯೂ ಕುಳಿತಳು, ತೊಡೆಯ ಮೇಲೆ ಪುಸ್ತಕವಿಟ್ಟು ಲೆಕ್ಕವನ್ನೂ ಬರೆದಳು. "ಎರಡನೇ ಕ್ಲಾಸಿನ ಹುಡುಗನಿಗೆ ಮುಂದಿನ ಹಲ್ಲು ಅಲ್ಲಾಡುತ್ತಿದೆ, ಬೇಗ ಮುಗಿಸಬೇಕು" ಎಂಬ ಟಿಪ್ಪಣಿ ಅವಳದು. ನಾವು ಬೇಗ ಮುಗಿಸಲಿಲ್ಲ. ಬಾಗಿಲ ಬಳಿ ಹಲ್ಲಿದ್ದ ಹುಡುಗ ಒಳಗೆ ಬರುವಷ್ಟರಲ್ಲಿ ಬೊಚ್ಚುಬಾಯಿ ಬಿಟ್ಟು ನಗುವುದನ್ನು ನೀವೇ ನೋಡುವಿರಿ.

ಕಾಲದೋಷಗಳಿಗೂ ಕೊರತೆಯಿಲ್ಲ. ನೂರು ವರ್ಷ ಹಿಂದಿನ ಶಾಲೆಯ ನಾಮಫಲಕದಲ್ಲಿ ಮಕ್ಕಳು ಅಂದವಾಗಿ 'ವಯನಾಡು ಜಿಲ್ಲೆ, ಕೇರಳ' ಎಂದು ಬರೆದಿದ್ದಾರೆ. ಕೇರಳ ರಾಜ್ಯವಾದದ್ದು 1956ರ ನವೆಂಬರ್ 1ರಂದು, ವಯನಾಡು ಜಿಲ್ಲೆಯಾದದ್ದು 1980ರ ನವೆಂಬರ್ 1ರಂದು. ನಮ್ಮ ಕಥೆಯ ಕಾಲಕ್ಕೆ ಇದು ಮದರಾಸು ಪ್ರಾಂತದ ಮಲಬಾರ್ ಜಿಲ್ಲೆ. ಗೋಡೆಯ ಮೇಲೆ ನೆರೆಗೂದಲಿನ ಕುವೆಂಪು ಅವರ ಭಾವಚಿತ್ರವಿದೆ. ಆಗ ಅವರು ಮೈಸೂರಿನಲ್ಲಿ ಓದುತ್ತಿದ್ದ ಇಪ್ಪತ್ತರ ತರುಣ. ಅಂಗಡಿಯವನು ಐವತ್ತು ಪೈಸೆ ಕೇಳುತ್ತಾನೆ. ಆಣೆ ಹೋಗಿ ರೂಪಾಯಿಗೆ ನೂರು ಪೈಸೆಯ ಲೆಕ್ಕ ಬಂದದ್ದು 1957ರಲ್ಲಿ. ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ವಿಜಯನಗರದ ದೃಶ್ಯ. ಹಂಪಿಗೆ ಹೋಗಲು ಹಣವಿಲ್ಲದ ಕಾರಣ, ವಿಜಯನಗರ ಶೈಲಿಯ ಕಲ್ಲಿನ ಬಸದಿ ನಮ್ಮ ಸುಲ್ತಾನ್ ಬತ್ತೇರಿಯಲ್ಲೇ ಇದೆಯಲ್ಲವೇ ಎಂದು ಮಕ್ಕಳು ಅಲ್ಲಿಗೆ ಹೋಗಿ ನೋಡಿಬಂದು ದೊಡ್ಡ ಬಟ್ಟೆಯ ಮೇಲೆ ಅದನ್ನು ಬರೆದರು. ಬತ್ತೇರಿಗೆ 'ಹನ್ನೆರಡು ಬೀದಿ' ಎಂಬ ಕನ್ನಡದ ಹಳೆಯ ಹೆಸರೊಂದಿತ್ತೆಂಬುದು ಅವರಿಗೆ ಗೊತ್ತಾದದ್ದೂ ಆಗಲೇ. ಬರೆದ ಹುಡುಗ ಎಷ್ಟು ಪ್ರಾಮಾಣಿಕನೆಂದರೆ, ಕಂಬಗಳ ಪಕ್ಕದಲ್ಲಿ ಪುರಾತತ್ತ್ವ ಇಲಾಖೆಯ ನೀಲಿ ಫಲಕವನ್ನೂ ಬಿಡದೆ ಬರೆದಿದ್ದಾನೆ!

ಇವುಗಳನ್ನೆಲ್ಲ ತಿದ್ದಿಸಬೇಕೆಂದು ಮೊದಲು ನಾನು ಹಟ ಹಿಡಿದೆ. ಆಗ ವಿಜ್ಞಾನ ಶಿಕ್ಷಕರು ವಾಲ್ಟರ್ ಮರ್ಚ್ ಎಂಬ ಪ್ರಸಿದ್ಧ ಸಂಕಲನಕಾರನ ವಿಚಾರವನ್ನು ಹೇಳಿದರು. ಎರಡು ಚಿತ್ರಿಕೆಗಳನ್ನು ಜೋಡಿಸುವಾಗ ಯಾವುದಕ್ಕೆ ಎಷ್ಟು ಬೆಲೆಯೆಂದು ಅವನು ಅಂಕ ಕೊಟ್ಟಿದ್ದಾನೆ. ಭಾವಕ್ಕೆ ನೂರರಲ್ಲಿ 51, ಕಥೆಗೆ 23. ಯಾರು ಎಲ್ಲಿ ನಿಂತಿದ್ದರೆಂಬ ಸ್ಥಳದ ಸುಸಂಬದ್ಧತೆಗೆ ಕೊನೆಯಲ್ಲಿ ಬರಿಯ 4. ಇಂಥ ಅಂಕಪಟ್ಟಿಯನ್ನು ನಮ್ಮ ಇಲಾಖೆ ಒಪ್ಪಲಾರದು. ನಾನೂ ಪೂರ್ತಿ ಒಪ್ಪಲಿಲ್ಲ. ಆದರೂ ಹಲ್ಲು ಬಿದ್ದ ಹುಡುಗನ ನಗು ಹಲ್ಲಿದ್ದಾಗಿನದಕ್ಕಿಂತ ಚೆನ್ನಾಗಿತ್ತೆಂಬುದು ನಿಜ. ಅದನ್ನು ಉಳಿಸಿಕೊಂಡೆವು.

ಜನವರಿಯ ಮಧ್ಯದಲ್ಲಿ ಕೊನೆಯ ದೃಶ್ಯ. ಕಾಲಬಂಡಿಯಿಂದ ಇಳಿದ ಮಕ್ಕಳು ತರಗತಿಗೆ ಮರಳುತ್ತಾರೆ. ಕಥೆಯ ಪ್ರಕಾರ ಅವರು ಹೋಗಿ ಹತ್ತು ಸೆಕೆಂಡುಗಳಷ್ಟೇ ಆಗಿವೆ. ತರಗತಿ ಇದ್ದ ಹಾಗೆಯೇ ಇರಬೇಕು. ಎಲ್ಲರೂ ಕುಳಿತರು. ಕ್ಯಾಮೆರಾ ಹಿಡಿದ ಹುಡುಗ ಜೂನ್ ತಿಂಗಳ ದೃಶ್ಯವನ್ನು ಫೋನಿನಲ್ಲಿ ನೋಡಿ, "ಟೀಚರ್, ಮೂರನೇ ಬೆಂಚಿನ ಕಿಟಕಿ ಬದಿ ಖಾಲಿ ಇದೆ" ಎಂದ.

ಪುಸ್ತಕ ಹಿಡಿಯುವವಳು ಇರಲಿಲ್ಲ. ಕಾಫಿ ಕೊಯ್ಲು. ಕ್ರಿಸ್‌ಮಸ್ ರಜೆಯಲ್ಲಿ ಅಪ್ಪ ಅಮ್ಮನ ಜೊತೆ ಕೊಡಗಿನ ತೋಟಕ್ಕೆ ಹೋದವಳು ಮರಳಿರಲಿಲ್ಲ. ತಮ್ಮನನ್ನು ನೋಡಿಕೊಳ್ಳಲು ಯಾರೂ ಇಲ್ಲದಿದ್ದರೆ ಹಿರಿಯ ಮಗಳೇ ಹೋಗಬೇಕಾಗುತ್ತದೆ. ಇದನ್ನು ವಯನಾಡಿನ ಶಿಕ್ಷಕರಿಗೆ ಯಾರೂ ವಿವರಿಸಬೇಕಾಗಿಲ್ಲ.

ಆ ಹೊತ್ತಿನಲ್ಲಿ ನಾನು ಕೊಟ್ಟ ಸಲಹೆಯನ್ನು ಹೇಳಿಬಿಡುತ್ತೇನೆ. "ಅದೇ ಎತ್ತರದ ಇನ್ನೊಬ್ಬ ಹುಡುಗಿಗೆ ಅದೇ ಬಣ್ಣದ ರಿಬ್ಬನ್ ಕಟ್ಟಿ ಕೂರಿಸಿ, ಹಿಂದಿನಿಂದ ತೆಗೆದರೆ ಗೊತ್ತಾಗುವುದಿಲ್ಲ" ಎಂದೆ. 'ಬ್ಯಾಕ್ ಟು ದ ಫ್ಯೂಚರ್' ಚಿತ್ರದಲ್ಲಿ ಕೆಲವು ವಾರಗಳ ಚಿತ್ರೀಕರಣವಾದ ಮೇಲೆ ನಾಯಕನಟನನ್ನೇ ಬದಲಿಸಿ, ಮೈಕೆಲ್ ಜೆ. ಫಾಕ್ಸ್ ಅವರನ್ನು ಕರೆತಂದು ದೃಶ್ಯಗಳನ್ನು ಮತ್ತೆ ತೆಗೆದರೆಂದು ಕೇಳಿದ್ದೆ. ಅದನ್ನೂ ಉದಾಹರಿಸಿದೆ. ರಿಬ್ಬನ್ ಬಂತು. ಕೂರಬೇಕಾದ ಹುಡುಗಿ ಮಾತ್ರ ಕೂರಲಿಲ್ಲ. "ಅದು ಅವಳ ಜಾಗ ಟೀಚರ್. ಅವಳು ಬಂದರೆ?" ಎಂದಳು.

ಅಂದು ಸಂಜೆ ಹಾಜರಿ ಪುಸ್ತಕವನ್ನು ತೆಗೆದು ನೋಡಿದೆ. ರಜೆ ಮುಗಿದಂದಿನಿಂದ ಅವಳ ಹೆಸರಿನ ಮುಂದೆ ಒಂಬತ್ತು ಗೈರುಹಾಜರಿಗಳು, ಒಂದರ ಪಕ್ಕದಲ್ಲೊಂದು, ಅಚ್ಚುಕಟ್ಟಾಗಿ. ತರಗತಿಯ ಶಿಕ್ಷಕಿ ನನಗೆ ಒಮ್ಮೆ ತಿಳಿಸಿದ್ದರು. ಶತಮಾನೋತ್ಸವದ ಪೆಂಡಾಲು, ಸ್ಮರಣಸಂಚಿಕೆ, ಅತಿಥಿಗಳ ಪಟ್ಟಿ ಎಂದು ಓಡಾಡುತ್ತಿದ್ದ ನಾನು "ನೋಡೋಣ" ಎಂದಿದ್ದೆ. ಪ್ರತಿ ದಿನವೂ ಆ ಕೊಠಡಿಯ ಕಿಟಕಿಯ ಮುಂದೆಯೇ ನಡೆದುಹೋಗುತ್ತಿದ್ದೆ. ಕ್ಯಾಮೆರಾಕ್ಕೆ ಕಂಡ ಖಾಲಿ ಜಾಗ ನನಗೆ ಕಂಡಿರಲಿಲ್ಲ.

ಮುಂದಿನದು ದೊಡ್ಡ ಸಾಹಸವೇನಲ್ಲ. ತೋಟದ ಮೇಸ್ತ್ರಿಯ ಫೋನಿಗೆ ಕರೆ ಮಾಡಿದೆವು. ಅವಳ ತಾಯಿಯೊಡನೆ ಎರಡು ಬಾರಿ ಮಾತಾಯಿತು. ಅಜ್ಜಿಯ ಮನೆಯಲ್ಲಿ ಮಕ್ಕಳಿಬ್ಬರೂ ಇರುವುದೆಂದು, ತಮ್ಮನನ್ನು ಹಗಲು ಅಂಗನವಾಡಿಗೆ ಬಿಡುವುದೆಂದು ತೀರ್ಮಾನವಾಯಿತು. ಜನವರಿಯ ಕೊನೆಯ ವಾರದಿಂದ ಬರುತ್ತಿದ್ದಾಳೆ. ಮುಂದಿನ ಕೊಯ್ಲಿಗೆ ಏನಾಗುವುದೋ ಹೇಳಲಾರೆ.

ಕೊನೆಯ ದೃಶ್ಯವನ್ನು ಮತ್ತೆ ತೆಗೆಯಬಹುದಿತ್ತು. ಮಕ್ಕಳು ಸಭೆ ಸೇರಿ ಬೇಡವೆಂದರು. ಅವಳೂ ಬೇಡವೆಂದಳು. ಹಾಗಾಗಿ ಆ ಖಾಲಿ ಜಾಗ ಹಾಗೆಯೇ ಇದೆ. ಹತ್ತು ಸೆಕೆಂಡುಗಳಲ್ಲಿ ಒಂದು ಮಗು ಹೇಗೆ ಮಾಯವಾಯಿತೆಂದು ನೀವು ಕೇಳಿದರೆ ಕಥೆಯಲ್ಲಿ ಉತ್ತರವಿಲ್ಲ.

ಪೂರ್ತಿ ಚಿತ್ರವನ್ನು ನೋಡಿ ಅವಳು ತಪ್ಪುಗಳ ಪಟ್ಟಿಯೊಂದನ್ನು ಮಾಡಿದ್ದಾಳೆ. ಇಪ್ಪತ್ತಮೂರು. ನೂರು ವರ್ಷ ಹಿಂದಿನ ಉಪಾಧ್ಯಾಯಿನಿಯಾಗಿ ಒಂದು ದೃಶ್ಯದಲ್ಲಿ ನಾನೂ ಇದ್ದೇನೆ. ಪಾಠದ ಆರಂಭದಲ್ಲಿ ನನ್ನ ಸೀರೆಯ ಅಂಚು ಹಸಿರು, ಮುಗಿಯುವಾಗ ಕೆಂಪು. ಅದು ಅವಳ ಪಟ್ಟಿಯ ಏಳನೆಯ ತಪ್ಪು, ಕೆಂಪು ಶಾಯಿಯಲ್ಲೇ ಬರೆದಿದ್ದಾಳೆ. ಪ್ರದರ್ಶನ ಮುಗಿದ ಮೇಲೆ ಪಟ್ಟಿಯನ್ನು ಕಚೇರಿಯ ಬಾಗಿಲಿಗೆ ಅಂಟಿಸುತ್ತೇವೆ. ಇಪ್ಪತ್ತನಾಲ್ಕನೆಯದು ಕಂಡವರು ಅದರ ಕೆಳಗೆ ಬರೆಯಬಹುದು.

ಹಿಂದಿನ ಸಾಲಿನವರು ದಯವಿಟ್ಟು ಪಕ್ಕದ ದೀಪಗಳನ್ನು ಆರಿಸಬೇಕು.