ರಾತ್ರಿ ಪದೇಪದೇ ಏಳುವುದು ಬರೀ ವಯಸ್ಸಿನ ಕಾಟವಲ್ಲ
(ಸಂಘದ ರಜತ ಮಹೋತ್ಸವ ಸಭೆಯಲ್ಲಿ ನಿರ್ದೇಶಕರೊಬ್ಬರು ಆಡಿದ ಮಾತು)



ಸಾಲ, ಗೊಬ್ಬರ, ಬೀಜದ ವಿಷಯ ಹಿರಿಯರು ಮಾತಾಡಿದರು. ನಾನು ಯಾರೂ ಬಾಯಿಬಿಟ್ಟು ಹೇಳದ ವಿಷಯ ಹೇಳ್ತೀನಿ. ರಾತ್ರಿ ಮೂರ್ನಾಲ್ಕು ಸಲ ಒಂದಕ್ಕೆ ಏಳೋದು, ಉರಿಮೂತ್ರ, ಕೆಮ್ಮಿದರೆ ಸೀರೆ ಒದ್ದೆಯಾಗೋದು. ಗಂಡಸರು "ವಯಸ್ಸಾತು, ಉಷ್ಣ ಆಗೇತಿ" ಅಂತಾರೆ. ಹೆಣ್ಣುಮಕ್ಕಳು ಹೇಳೋದೇ ಇಲ್ಲ.

ವಯಸ್ಸು, ಬಿಸಿಲು ಕಾರಣ ಇರಬಹುದು. ಆದರೆ ಎಷ್ಟೋ ಸಲ ಬೇರು ರಕ್ತದಲ್ಲಿರುತ್ತದೆ. ಸಕ್ಕರೆ ಕಾಯಿಲೆಗೆ ಸಿಹಿಮೂತ್ರ ರೋಗ ಎಂಬ ಹೆಸರು ಸುಮ್ಮನೆ ಬಂದಿಲ್ಲ. ಗದ್ದೆಯಲ್ಲಿ ನೀರು ಬದುವಿನ ಮಟ್ಟ ಮೀರಿದರೆ ಹೊರಗೆ ಹರಿಯುತ್ತದಲ್ಲ, ಹಾಗೇ ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಮೂತ್ರಕ್ಕೆ ಇಳಿಯುತ್ತದೆ. ಜೊತೆಗೆ ನೀರನ್ನೂ ಎಳೆದೊಯ್ಯುತ್ತದೆ. ಅದಕ್ಕೇ ಪದೇಪದೇ ಹೋಗೋದು, ಬಾಯಾರೋದು. ವರ್ಷಗಟ್ಟಲೆ ಹೀಗೇ ಬಿಟ್ಟರೆ ನರ ಸೋತು ಮೂತ್ರಚೀಲ ಪೂರಾ ಖಾಲಿಯಾಗಲ್ಲ. ನಿಂತ ನೀರಿನಲ್ಲಿ ಸೋಂಕು ಬೆಳೆಯುತ್ತದೆ. ಕೊನೆಗೆ ಪೆಟ್ಟು ಮೂತ್ರಪಿಂಡಕ್ಕೆ. ಹೊಟ್ಟೆಯ ಬೊಜ್ಜು ಮೂತ್ರಚೀಲವನ್ನು ಒತ್ತುತ್ತದೆ. ತೂಕ ಇಳಿದರೆ ಒದ್ದೆಯಾಗುವ ತೊಂದರೆಯೂ ಇಳಿಯುತ್ತದೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಕಾಲುವೆಗೆ ಹರಿಯಿತು. ಬರಬರುತ್ತಾ ಸಿರುಗುಪ್ಪ, ಕುರುಗೋಡು ಸೀಮೆ ಭತ್ತದ ಕಣಜವಾಯಿತು. ಜೋಳದ ರೊಟ್ಟಿ, ನವಣೆ ತಟ್ಟೆಯಿಂದ ಸರಿದವು. ಕೊಯ್ಲಿಗೆ ಯಂತ್ರ ಬಂತು, ಓಡಾಟಕ್ಕೆ ಬೈಕು ಬಂತು. ಅನ್ನ ಬೈಯಬ್ಯಾಡ್ರಿ, ಅದು ನಮ್ಮ ಬದುಕು. ಆದರೆ ಮೂರು ಹೊತ್ತೂ ಅನ್ನ, ಮೇಲೆ ಸಕ್ಕರೆ ಚಹಾ, ಮೈಗೆ ದುಡಿಮೆ ಇಲ್ಲ ಅಂದರೆ ಲೆಕ್ಕ ತಪ್ಪುತ್ತದೆ. ಒಂದು ಹೊತ್ತಾದರೂ ರೊಟ್ಟಿ, ಕಾಳು, ಸೊಪ್ಪು ಇರಲಿ. ದಿನಕ್ಕೆ ಅರ್ಧ ತಾಸು ನಡೀರಿ.

ಹೋಗಬೇಕಾಗುತ್ತದೆ ಅಂತ ನೀರು ಕುಡಿಯೋದು ಬಿಡಬೇಡಿ. ನಾಟಿಗೆ ಬಂದ ಹೆಣ್ಣುಮಕ್ಕಳು ಮರೆಯಿಲ್ಲದೆ ಸಂಜೆತನಕ ತಡೆಹಿಡಿಯುತ್ತಾರೆ. ಹೊಲದ ಹತ್ತಿರ ಒಂದು ಮರೆ ಕಟ್ಟಿಕೊಡೋದು ನಮ್ಮ ಜವಾಬ್ದಾರಿ.

ಅಂಗಡಿ ಮಾತ್ರೆ ನುಂಗುವ ಮೊದಲು ಮೂತ್ರ, ರಕ್ತ ಪರೀಕ್ಷೆ ಮಾಡಿಸಿ. ಖಾಲಿ ಹೊಟ್ಟೆಯಲ್ಲಿ ಸಕ್ಕರೆ 100ರ ಒಳಗಿರಬೇಕು. 126 ಅಥವಾ ಹೆಚ್ಚು ಎರಡು ಸಲ ಬಂದರೆ ಅದು ಸಕ್ಕರೆ ಕಾಯಿಲೆ. ನಡುವೆ ಇದ್ದವರಿಗೆ ತಡೆಯಲು ಇನ್ನೂ ಕಾಲವಿದೆ. ಮೂತ್ರದಲ್ಲಿ ರಕ್ತ, ಚಳಿಜ್ವರ, ಮೂತ್ರ ಕಟ್ಟುವುದು ಕಂಡರೆ ಅಂದೇ ಸಿರುಗುಪ್ಪ ಅಥವಾ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹೋಗಿ.

ನನ್ನದೊಂದು ಸೂಚನೆ: ಪ್ರತಿ ವರ್ಷ ಮಹಾಸಭೆಯ ದಿನ ಸಂಘದ ಆವರಣದಲ್ಲಿ ರಕ್ತಪರೀಕ್ಷೆ ಏರ್ಪಡಿಸೋಣ. ಸಂಘದ ಲೆಕ್ಕ ತಪಾಸಣೆಯಾದಂತೆ ಸದಸ್ಯರ ಮೈಯ ಲೆಕ್ಕವೂ ಆಗಲಿ. ಮೊದಲು ನಿರ್ದೇಶಕರೇ ಕೈ ಚಾಚೋಣ.

ಜೈ ಸಹಕಾರ.